ಏನಿಲ್ಲ ಡಾಕ್ಟರೇ: ಫ್ಯಾಮಿಲಿ ಡಾಕ್ಟರುಗಳಿಗೆ ಒಂದು ಬಹಿರಂಗ ಪತ್ರ

ಪ್ರಿಯ ಡಾಕ್ಟರೇ,

ನಿಮ್ಮ ಮುಂದೆ ಕೂತ ತಕ್ಷಣ ನಾವು ಹೇಳುವ ಮೊದಲ ಮಾತು ನಿಮಗೆ ಬಾಯಿಪಾಠ ಆಗಿರಬೇಕು. "ಏನಿಲ್ಲ ಡಾಕ್ಟರೇ, ಸ್ವಲ್ಪ ಸುಸ್ತು." "ಏನಿಲ್ಲ, ಸುಮ್ನೆ ತಲೆನೋವು." ಏನೂ ಇಲ್ಲದಿದ್ದರೆ ಇಲ್ಲಿಗ್ಯಾಕೆ ಬಂದೆ ಅಂತ ನೀವು ಯಾವತ್ತೂ ಕೇಳಿಲ್ಲ. ಅದು ನಿಮ್ಮ ದೊಡ್ಡತನ. ಆದರೆ ಟೆಸ್ಟ್ ಎಲ್ಲ ಮುಗಿದ ಮೇಲೆ ನೀವೂ ಅದನ್ನೇ ಹೇಳುತ್ತೀರಿ. "ಎಲ್ಲಾ ನಾರ್ಮಲ್. ನಿಮಗೆ ಏನೂ ಇಲ್ಲ." ನಾವು ಹೇಳುವ "ಏನಿಲ್ಲ"ಕ್ಕೂ ನೀವು ಹೇಳುವ "ಏನೂ ಇಲ್ಲ"ಕ್ಕೂ ನಡುವೆ ಸಿಕ್ಕಿಕೊಂಡವರು ತುಂಬಾ ಜನ ಇದ್ದಾರೆ. ನಾನೂ ಅಲ್ಲೇ ಸಿಕ್ಕಿಕೊಂಡಿದ್ದೆ. ಅದಕ್ಕೇ ಈ ಪತ್ರ.

ಅದು ನನ್ನ ನಾಲ್ಕನೇ ಭೇಟಿ. ಮೊದಲ ಸಲ ಹೊಟ್ಟೆ ಉರಿತ. ಎರಡನೇ ಸಲ ಕತ್ತು ನೋವು. ಮೂರನೇ ಸಲ ಎದೆ ಡವಡವ; ಇಸಿಜಿ ಮಾಡಿದರು, ಸರಿಯಿತ್ತು. ನಾಲ್ಕನೇ ಸಲ ರಕ್ತದ ರಿಪೋರ್ಟ್ ಹಿಡಿದುಕೊಂಡು ಹೋಗಿದ್ದೆ. ಡಾಕ್ಟರು ಪ್ರತಿ ಸಾಲಿನ ಪಕ್ಕ ಪೆನ್ನಿನಿಂದ ಒಂದೊಂದು ಚುಕ್ಕೆ ಇಡುತ್ತಾ ಹೋದರು. ನಾನು ಆ ಪೆನ್ನನ್ನೇ ನೋಡುತ್ತಿದ್ದೆ. ಒಂದು ಸಾಲಿನಲ್ಲಾದರೂ ನಿಲ್ಲಲಿ ಅಂತ ಮನಸ್ಸಿನಲ್ಲೇ ಕೇಳಿಕೊಳ್ಳುತ್ತಿದ್ದೆ. ಎಲ್ಲೂ ನಿಲ್ಲಲಿಲ್ಲ. "ಗುಡ್ ನ್ಯೂಸ್" ಅಂದರು. "ಏನೂ ಇಲ್ಲ ನಿಮಗೆ. ಟೆನ್ಷನ್ ಮಾಡ್ಕೋಬೇಡಿ." ನಾನು ನಕ್ಕೆ, ಥ್ಯಾಂಕ್ಸ್ ಹೇಳಿದೆ, ಫೈಲನ್ನು ಬ್ಯಾಗಿಗೆ ತುರುಕಿಕೊಂಡೆ. ಬಾಗಿಲ ಹಿಡಿಕೆ ಹಿಡಿದವನು ತಿರುಗಿ, "ಡಾಕ್ಟರೇ, ಇನ್ನೊಂದು ವಿಷಯ..." ಅಂದೆ. ಅಷ್ಟರಲ್ಲಿ ಮುಂದಿನವರು ಮಗು ಎತ್ತಿಕೊಂಡು ಒಳಗೆ ಬಂದೇಬಿಟ್ಟರು. "ಹೇಳಿ" ಅಂದರು ಡಾಕ್ಟರು. ಕಣ್ಣು ಮಗುವಿನ ಮೇಲಿತ್ತು. "ಏನಿಲ್ಲ, ಮುಂದಿನ ಸಲ ಹೇಳ್ತೀನಿ" ಅಂದೆ.

ಆ ಮುಂದಿನ ಸಲ ಬರುವುದಕ್ಕೆ 5 ತಿಂಗಳು ಹಿಡಿಯಿತು.

ಹೇಳಬೇಕು ಅಂದುಕೊಂಡಿದ್ದು ಇಷ್ಟೇ. ದಿನಾ ಬೆಳಗಿನ ಜಾವ ಮೂರೂವರೆಗೆ ಎಚ್ಚರ ಆಗುತ್ತೆ. ಆಮೇಲೆ ನಿದ್ದೆಯಿಲ್ಲ. ಹಲ್ಲುಜ್ಜುವುದು ಕೂಡ ದೊಡ್ಡ ಕೆಲಸ ಅನ್ನಿಸುತ್ತೆ. ಫೋನ್ ರಿಂಗಾದರೆ ಜೀವ ಝಲ್ ಅನ್ನುತ್ತೆ, ಅದು ಯಾರದ್ದೇ ಆಗಿರಲಿ. ಸಾಲವಿಲ್ಲ, ಜಗಳವಿಲ್ಲ, ಮನೆಯಲ್ಲಿ ಸಾವುನೋವಿಲ್ಲ. ಕಾರಣ ಕೇಳಿದರೆ ತೋರಿಸೋಕೆ ಏನೂ ಇಲ್ಲ. ಅದೇ ದೊಡ್ಡ ನಾಚಿಕೆ. ಕಾರಣವಿಲ್ಲದೆ ಅಳು ಬರುತ್ತೆ ಅಂತ ದೊಡ್ಡವರಾದವರು ಹೇಗೆ ಹೇಳೋದು ಹೇಳಿ?

ಇದರಲ್ಲಿ ನಮ್ಮ ಭಾಷೆಯ ಪಾಲೂ ಸ್ವಲ್ಪ ಇದೆ. ಕನ್ನಡದಲ್ಲಿ "ಬೇಜಾರು" ಅಂದರೆ ಏನು ಬೇಕಾದರೂ ಆಗಬಹುದು. ಬಸ್ ತಡವಾದರೂ ಬೇಜಾರು, ಸ್ನೇಹಿತ ಮಾತು ಬಿಟ್ಟರೂ ಬೇಜಾರು, ಬದುಕೇ ಸಾಕು ಅನ್ನಿಸಿದರೂ ಬೇಜಾರು. "ಟೆನ್ಷನ್" ಕೂಡ ಹಾಗೇ. ನಾವು ಕೊನೇ ಅರ್ಥದಲ್ಲಿ ಹೇಳುತ್ತೇವೆ, ನೀವು ಮೊದಲನೇ ಅರ್ಥದಲ್ಲಿ ಕೇಳಿಸಿಕೊಳ್ಳುತ್ತೀರಿ. "ಖಿನ್ನತೆ" ಅನ್ನುವ ಪದ ಪೇಪರಿನಲ್ಲಿ ಓದಿದ್ದೇವೆ. ಆದರೆ "ನನಗೆ ಖಿನ್ನತೆಯಾಗಿದೆ" ಅಂತ ಬಾಯಿಬಿಟ್ಟು ಹೇಳಿದ ಒಬ್ಬರನ್ನೂ ನಾನು ಕಂಡಿಲ್ಲ. ಹಾಗಾಗಿ ಯಾರಾದರೂ "ಯಾಕೋ ಬೇಜಾರು" ಅಂದರೆ ದಯವಿಟ್ಟು ಅಲ್ಲೇ ನಿಲ್ಲಿ. ಎಂಥ ಬೇಜಾರು, ಎಷ್ಟು ದಿನದಿಂದ ಅಂತ ಕೇಳಿ. ಮತ್ತೆ ಈ "ಟೆನ್ಷನ್ ಮಾಡ್ಕೋಬೇಡಿ" ಅನ್ನೋದನ್ನು ಬಿಟ್ಟುಬಿಡಿ. ಟೆನ್ಷನ್ ಯಾರೂ ಮಾಡಿಕೊಳ್ಳುವುದಿಲ್ಲ, ಅದು ಆಗುತ್ತೆ. ಜ್ವರ ಮಾಡ್ಕೋಬೇಡಿ ಅಂತ ನೀವು ಯಾರಿಗಾದರೂ ಹೇಳಿದ್ದೀರಾ?

ಹೊಟ್ಟೆ ಉರಿತ, ಕತ್ತು ನೋವು ಅಂತ ನಾನು ಹೇಳಿದ್ದು ಸುಳ್ಳಲ್ಲ. ನಿಜವಾಗಿಯೂ ಉರಿಯುತ್ತಿತ್ತು, ನಿಜವಾಗಿಯೂ ನೋಯುತ್ತಿತ್ತು. ನಿದ್ದೆ, ಹಸಿವು, ಎದೆಬಡಿತ, ಹೊಟ್ಟೆ ಎಲ್ಲವನ್ನೂ ನಡೆಸುವುದು ಇದೇ ಮೆದುಳು, ಇದೇ ನರಗಳು. ಮೇಲೆ ಕೆಟ್ಟರೆ ಕೆಳಗೆ ಗೊತ್ತಾಗುತ್ತೆ. 1999ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಬಗ್ಗೆ ಆಮೇಲೆ ಓದಿದೆ. 14 ದೇಶಗಳಲ್ಲಿ ಸಾಮಾನ್ಯ ವೈದ್ಯರ ಹತ್ತಿರ ಬಂದವರ ಪೈಕಿ ಡಿಪ್ರೆಶನ್ ಇದ್ದ 1,146 ಜನರನ್ನು ಅದರಲ್ಲಿ ನೋಡಿದ್ದರು. ಅವರಲ್ಲಿ ಶೇಕಡಾ 69 ಜನ ಡಾಕ್ಟರ ಹತ್ತಿರ ಬಂದಿದ್ದು ಬರೀ ಮೈಯಿನ ತೊಂದರೆ ಹೇಳಿಕೊಂಡು. ಓದಿ ನನಗೆ ಒಂಥರಾ ಸಮಾಧಾನ ಆಯಿತು. ನಾನು ನಾಟಕ ಆಡುತ್ತಿರಲಿಲ್ಲ, ಎಲ್ಲರೂ ಬರುವ ಬಾಗಿಲಿನಿಂದಲೇ ಬಂದಿದ್ದೆ.

ಟೆಸ್ಟ್ ಮಾಡಿಸಿದ್ದು ತಪ್ಪು ಅಂತ ಹೇಳುತ್ತಿಲ್ಲ. ಮಾಡಿಸಲೇಬೇಕು. ಥೈರಾಯ್ಡ್ ಕಡಿಮೆಯಾದರೆ ಡಿಪ್ರೆಶನ್ ಥರವೇ ಕಾಣುತ್ತೆ, ಜಾಸ್ತಿಯಾದರೆ ಆತಂಕದ ಥರ. ರಕ್ತ ಕಡಿಮೆ ಇದ್ದರೂ, ವಿಟಮಿನ್ ಬಿ12 ಕಡಿಮೆ ಇದ್ದರೂ ಸುಸ್ತು. ಸ್ಟೆರಾಯ್ಡ್ ಮಾತ್ರೆಯಿಂದಲೂ ಮನಸ್ಸು ಏರುಪೇರಾಗುತ್ತೆ. ಎದೆ ನೋವು ಅಂದವರಿಗೆ ಪ್ಯಾನಿಕ್, ಅಂದರೆ ಏಕಾಏಕಿ ಬರುವ ವಿಪರೀತ ಭಯ, ಅಂತ ಹೇಳುವ ಮೊದಲು ಹೃದಯ ನೋಡಲೇಬೇಕು. ನನ್ನ ತಕರಾರು ಟೆಸ್ಟ್ ಬಗ್ಗೆ ಅಲ್ಲ, ಟೆಸ್ಟ್ ಮುಗಿದ ಮೇಲಿನ ಮಾತಿನ ಬಗ್ಗೆ. "ರಿಪೋರ್ಟಿನಲ್ಲಿ ಏನೂ ಇಲ್ಲ, ಆದರೆ ನಿಮಗೆ ಏನೋ ಇದೆ. ಏನು ಅಂತ ನೋಡೋಣ." ಇಷ್ಟು ಹೇಳಿದ್ದರೆ ನಾನು ಆವತ್ತೇ ಮತ್ತೆ ಕುರ್ಚಿಗೆ ಬಂದು ಕೂತಿರುತ್ತಿದ್ದೆ.

5 ತಿಂಗಳಾದ ಮೇಲೆ ಹೋದಾಗ ನಮ್ಮ ಡಾಕ್ಟರು ರಜದಲ್ಲಿದ್ದರು. ಅವರ ಜಾಗದಲ್ಲಿ ಬೇರೊಬ್ಬರು ಇದ್ದರು, ವಯಸ್ಸು ಸಣ್ಣದು. ಅಯ್ಯೋ, ಇವರಿಗೆ ಮತ್ತೆ ಮೊದಲಿಂದ ಹೇಳಬೇಕಲ್ಲ ಅಂತ ಬೈದುಕೊಂಡೇ ಕೂತೆ. "ಏನಿಲ್ಲ, ನಿದ್ದೆ ಬರ್ತಿಲ್ಲ, ಒಂದು ಮಾತ್ರೆ ಬರೆದುಕೊಡಿ" ಅಂದೆ. ಅವರು ಕೀಬೋರ್ಡಿನಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಇದೊಂದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. "ಎಚ್ಚರ ಆದಾಗ ತಲೇಲಿ ಏನು ಓಡ್ತಿರುತ್ತೆ?" ಅಂತ ಕೇಳಿದರು. ನಾನು ಸುಮ್ಮನಿದ್ದೆ. ಅವರೂ ಸುಮ್ಮನಿದ್ದರು. ಗೋಡೆ ಗಡಿಯಾರದ ಟಿಕ್‌ಟಿಕ್ ಕೇಳುವಷ್ಟು ಹೊತ್ತು. ಆಮೇಲೆ ನನ್ನ ಬಾಯಿಂದ ಮಾತು ಬರಲಿಲ್ಲ, ಅಳು ಬಂತು.

ಅವರು ಟಿಶ್ಯೂ ಡಬ್ಬಿಯನ್ನು ನನ್ನ ಕಡೆ ಸರಿಸಿದರು. "ಸಮಾಧಾನ ಮಾಡ್ಕೊಳ್ಳಿ" ಅನ್ನಲಿಲ್ಲ. ಅದಕ್ಕೆ ನಾನು ಅವರಿಗೆ ಋಣಿ.

ಅಳು ನಿಂತ ಮೇಲೆ ಒಂದು ಹಾಳೆ ಕೊಟ್ಟರು. ಪಿಎಚ್‌ಕ್ಯೂ-9 ಅಂತ ಅದರ ಹೆಸರು, ಖಿನ್ನತೆ ಎಷ್ಟಿದೆ ಅಂತ ನೋಡುವ ಪ್ರಶ್ನಾವಳಿ. ನಿಮಗೆ ಗೊತ್ತಿರುವುದೇ, ಆದರೆ ಈ ಪತ್ರವನ್ನು ಬೇರೆಯವರೂ ಓದುತ್ತಾರಲ್ಲ, ಅದಕ್ಕೆ ಹೇಳುತ್ತೇನೆ. ಸ್ಪಿಟ್ಜರ್, ವಿಲಿಯಮ್ಸ್, ಕ್ರೋಂಕೆ ಎಂಬ ಮೂವರು ಮಾಡಿದ್ದು. 2001ರಲ್ಲಿ ಅದರ ಬಗ್ಗೆ ಬರೆದು ಪ್ರಕಟಿಸಿದರು. 9 ಪ್ರಶ್ನೆ, ಎಲ್ಲವೂ ಕಳೆದ ಎರಡು ವಾರದ ಬಗ್ಗೆ: ಆಸಕ್ತಿ, ಮನಸ್ಸು, ನಿದ್ದೆ, ಸುಸ್ತು, ಹಸಿವು, ನಾನು ಯಾತಕ್ಕೂ ಬಾರದವನು ಅನ್ನುವ ಭಾವನೆ, ಏಕಾಗ್ರತೆ, ಮೈ ನಿಧಾನವಾಗುವುದು ಇಲ್ಲವೇ ಚಡಪಡಿಕೆ, ಕೊನೆಗೆ ಸಾವಿನ ಯೋಚನೆ. ಪ್ರತಿಯೊಂದಕ್ಕೂ ಸೊನ್ನೆಯಿಂದ 3ರವರೆಗೆ ಅಂಕ, ಒಟ್ಟು 27. 10 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಕೂತು ಸರಿಯಾಗಿ ಮಾತಾಡಬೇಕು ಅಂತ ಅರ್ಥ. ಕಾಯಿಲೆ ಇದೇ ಅಂತ ಹೇಳೋಕೆ ಅದೊಂದೇ ಸಾಲದು. ತುಂಬೋಕೆ ಐದು ನಿಮಿಷವೂ ಬೇಡ. ಯಾರ ಅನುಮತಿಯೂ ಬೇಡ, ದುಡ್ಡೂ ಇಲ್ಲ.

ನನಗೆ 16 ಬಂತು. ಪರೀಕ್ಷೆಯಲ್ಲಿ ಅಂಕ ಜಾಸ್ತಿ ಬಂದು ಅತ್ತಿದ್ದು ಅದೇ ಮೊದಲು.

ಒಂಬತ್ತನೇ ಪ್ರಶ್ನೆಯ ಹತ್ತಿರ ಪೆನ್ನು ನಿಂತಿತ್ತು. ಮೊದಲು ಸೊನ್ನೆಗೆ ಗುರುತು ಹಾಕಿ, ಆಮೇಲೆ ಹೊಡೆದುಹಾಕಿ 1ಕ್ಕೆ ಹಾಕಿದ್ದೆ. ಆ ಡಾಕ್ಟರು ಹಾಳೆ ತೆಗೆದುಕೊಂಡವರು ಹೊಡೆದುಹಾಕಿದ ಜಾಗವನ್ನೇ ಬೆರಳಲ್ಲಿ ತೋರಿಸಿದರು. "ಸಾಯಬೇಕು ಅನ್ನಿಸುತ್ತಾ? ಹೇಗೆ ಅಂತೇನಾದರೂ ಯೋಚನೆ ಮಾಡಿದ್ದೀರಾ?" ಅಂತ ನೇರವಾಗಿ ಕೇಳಿದರು. ಮಾಡಿರಲಿಲ್ಲ. ಬೆಳಿಗ್ಗೆ ಏಳದೇ ಇದ್ದರೆ ಒಳ್ಳೇದು ಅನ್ನಿಸುತ್ತಿತ್ತು, ಅಷ್ಟೇ. ಆ "ಅಷ್ಟೇ"ಯನ್ನು ಅವರು ಅಷ್ಟಕ್ಕೇ ಬಿಡಲಿಲ್ಲ, ಇನ್ನೂ ನಾಲ್ಕು ಪ್ರಶ್ನೆ ಕೇಳಿದರು. ಕೆಲವು ಡಾಕ್ಟರುಗಳು ಈ ಪ್ರಶ್ನೆ ಕೇಳೋಕೆ ಹೆದರುತ್ತಾರೆ ಅಂತ ಗೊತ್ತು. ಕೇಳಿದರೆ ಇಲ್ಲದ ಯೋಚನೆ ತಲೆಗೆ ಬಂದುಬಿಟ್ಟರೆ ಅಂತ. ಬರುವುದಿಲ್ಲ. ಸಂಶೋಧನೆಗಳೂ ಅದನ್ನೇ ಹೇಳುತ್ತವೆ. ಕೇಳಿಸಿಕೊಂಡವನಾಗಿ ನಾನೂ ಹೇಳುತ್ತೇನೆ: ಹೊತ್ತುಕೊಂಡಿದ್ದನ್ನು ಒಬ್ಬರ ಮೇಜಿನ ಮೇಲೆ ಇಳಿಸಿದ ಹಾಗಾಯಿತು.

ನಿಮ್ಮ ಕಷ್ಟವೂ ಗೊತ್ತು ನನಗೆ. ಹೊರಗೆ ಬೆಂಚಿನ ತುಂಬ ಜನ. ಒಬ್ಬೊಬ್ಬರಿಗೆ ಡಾಕ್ಟರು ಕೊಡುವ ಸಮಯ ಎಷ್ಟು ಅಂತ 67 ದೇಶಗಳ ಲೆಕ್ಕ ಒಟ್ಟುಮಾಡಿ 2017ರಲ್ಲಿ ಒಂದು ವರದಿ ಬಂತು. ಕಡಿಮೆ ಅಂದರೆ 48 ಸೆಕೆಂಡು, ಜಾಸ್ತಿ ಅಂದರೆ 22 ನಿಮಿಷ ಚಿಲ್ಲರೆ. 48 ಸೆಕೆಂಡಿನಲ್ಲಿ ಯಾರ ಮನಸ್ಸು ನೋಡೋಕಾಗುತ್ತೆ? ಒಪ್ಪಿದೆ. ಆದರೆ ಸಮಯ ಇದ್ದಾಗಲೂ ನಮ್ಮ ಮಾತು ಪೂರ್ತಿ ಕೇಳುವ ಅಭ್ಯಾಸ ಕಡಿಮೆಯೇ ಅಲ್ವಾ. 1984ರಲ್ಲಿ ಬೆಕ್‌ಮನ್ ಮತ್ತು ಫ್ರಾಂಕೆಲ್ ಎಂಬ ಇಬ್ಬರು ಸಂಶೋಧಕರು ಟೇಪ್ ಹಾಕಿಕೊಂಡು ಅಳೆದಿದ್ದರು. ರೋಗಿ ಮಾತು ಶುರು ಮಾಡಿದ ಸರಾಸರಿ 18 ಸೆಕೆಂಡಿಗೆ ಡಾಕ್ಟರು ನಡುವೆ ಬಾಯಿ ಹಾಕುತ್ತಿದ್ದರು. ಹದಿನೆಂಟು ಸೆಕೆಂಡಿಗೆ ನಾವಿನ್ನೂ ಹೊಟ್ಟೆ ಉರಿತದಲ್ಲೇ ಇರುತ್ತೇವೆ. ವಿಷಯ ಬರೋದು ಆಮೇಲೆ.

ಅದಕ್ಕೇ ನಾನು ಕೇಳುವುದು ಎರಡೇ ಪ್ರಶ್ನೆ. ಆ 9 ಪ್ರಶ್ನೆಗಳಲ್ಲಿ ಮೊದಲೆರಡು. "ಕಳೆದ ಎರಡು ವಾರದಲ್ಲಿ ಯಾವ ಕೆಲಸದಲ್ಲೂ ಆಸಕ್ತಿ ಇಲ್ಲ, ಖುಷಿ ಇಲ್ಲ ಅನ್ನಿಸಿದೆಯಾ? ಮನಸ್ಸು ಕುಗ್ಗಿದೆಯಾ?" ಬಿಪಿ ಪಟ್ಟಿ ಕೈಗೆ ಸುತ್ತುವಾಗ ಕೇಳಬಹುದು. ಉತ್ತರ ಹೌದು ಅಂದರೆ ಆವತ್ತೇ ಎಲ್ಲ ಬಗೆಹರಿಸಬೇಕಾಗಿಲ್ಲ. "ಇದನ್ನು ಮಾತಾಡಲೇಬೇಕು, ಗುರುವಾರ ಕೊನೇ ಪೇಷಂಟಾಗಿ ಬನ್ನಿ" ಅಂದರೂ ಸಾಕು. ಒಂಬತ್ತನೇ ಪ್ರಶ್ನೆಯ ವಿಷಯ ಇದ್ದರೆ ಮಾತ್ರ ಗುರುವಾರ ಅನ್ನಬೇಡಿ.

ಆವತ್ತು ಮಗು ಎತ್ತಿಕೊಂಡು ಒಳಗೆ ಬಂದವರನ್ನು ಆಮೇಲೆ ಎಷ್ಟೋ ಸಲ ನೆನೆಸಿಕೊಂಡಿದ್ದೇನೆ. ಎಲ್ಲರ ಕಣ್ಣೂ ಮಗುವಿನ ಮೇಲೆ. ತೂಕ ಎಷ್ಟಾಯ್ತು, ಚುಚ್ಚುಮದ್ದು ಆಯ್ತಾ. ಆ ತಾಯಿಗೂ ಏನಾದರೂ ಹೇಳೋದಿತ್ತೋ ಏನೋ. ಬಾಣಂತಿಯರ ಖಿನ್ನತೆ ಗುರುತಿಸೋಕೆಂದೇ ಎಡಿನ್‌ಬರೋ ಪ್ರಶ್ನಾವಳಿ ಅಂತ 10 ಪ್ರಶ್ನೆಗಳ ಒಂದು ಹಾಳೆ 1987ರಿಂದ ಇದೆ. ಮಗುವನ್ನು ತೂಗುವ ಹೊತ್ತಿನಲ್ಲಿ ಅಮ್ಮನ ಕೈಗೆ ಕೊಡಬಹುದಲ್ಲ.

ಇನ್ನು ಗುಟ್ಟಿನ ವಿಷಯ. ನಿಮ್ಮ ಹತ್ತಿರ ಹೇಳೋಕೆ ಯಾಕೆ ಹೆದರಿಕೆ ಅಂದರೆ, ನೀವು ನನ್ನೊಬ್ಬನ ಡಾಕ್ಟರಲ್ಲ. ಅಮ್ಮನ ಸಕ್ಕರೆ, ಹೆಂಡತಿಯ ಮೈಗ್ರೇನ್, ಮಗನ ಕೆಮ್ಮು ಎಲ್ಲ ನೋಡೋದು ನೀವೇ. ನಾಳೆ ಅಮ್ಮ ಬಂದಾಗ "ಮಗ ಈಗ ಹೇಗಿದ್ದಾನೆ?" ಅಂತ ಒಳ್ಳೇ ಮನಸ್ಸಿನಿಂದಲೇ ಕೇಳಿಬಿಟ್ಟರೆ ನನ್ನ ಕಥೆ ಮುಗಿಯಿತು. ಹಾಗಾಗಿ ನಾವು ಕೇಳುವ ಮೊದಲೇ ನೀವೇ ಹೇಳಿಬಿಡಿ. "ಇಲ್ಲಿ ಹೇಳಿದ್ದು ಮನೆಯವರಿಗೆ ಹೋಗಲ್ಲ. ಜೀವಕ್ಕೆ ಅಪಾಯ ಅನ್ನಿಸಿದರೆ ಮಾತ್ರ ಬೇರೆಯವರನ್ನು ಸೇರಿಸ್ತೀನಿ, ಅದನ್ನೂ ಮೊದಲು ನಿಮಗೇ ಹೇಳ್ತೀನಿ." ಜೊತೆಗೆ ಯಾರಾದರೂ ಬಂದಿದ್ದರೆ ಎರಡು ನಿಮಿಷ ಹೊರಗೆ ಕಳಿಸಿ. ನಾವಾಗಿ ಹೊರಗೆ ಹೋಗು ಅನ್ನೋಕಾಗಲ್ಲ. ನೀವು "ಪರೀಕ್ಷೆ ಮಾಡಬೇಕು" ಅಂದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಮಾತ್ರೆ ಬರೆದಾಗ ಸ್ವಲ್ಪ ಬಿಡಿಸಿ ಹೇಳಿ. ಇದು ದೊಡ್ಡ ಬೇಡಿಕೆ ನನ್ನದು. ನನಗೆ ಖಿನ್ನತೆಗೆ ಕೊಡುವ ಎಸ್ಸಿಟಾಲೊಪ್ರಾಮ್ ಮಾತ್ರೆ ಬರೆದುಕೊಟ್ಟಾಗ ಆ ಸಣ್ಣ ವಯಸ್ಸಿನ ಡಾಕ್ಟರು ಹೇಳಿದ್ದನ್ನು ಇಲ್ಲಿ ಹೇಳುತ್ತೇನೆ. ಮೊದಲ ವಾರ ಓಕರಿಕೆ, ತಲೆನೋವು ಬರಬಹುದು, ಆತಂಕ ಇನ್ನೂ ಸ್ವಲ್ಪ ಜಾಸ್ತಿ ಅನ್ನಿಸಬಹುದು. ಸಾಮಾನ್ಯವಾಗಿ ಇಳಿಯುತ್ತೆ. ಗುಣ ಕಾಣೋಕೆ ಎರಡರಿಂದ ನಾಲ್ಕು ವಾರ ಬೇಕು, ಪೂರ್ತಿ ಗೊತ್ತಾಗೋಕೆ ಆರು ವಾರ ಅಥವಾ ಇನ್ನೂ ಜಾಸ್ತಿ. ಚೆನ್ನಾಗಿದ್ದೀನಿ ಅನ್ನಿಸಿದ ಮೇಲೂ ಕಡಿಮೆ ಅಂದರೆ 6 ತಿಂಗಳು ಮುಂದುವರಿಸಬೇಕು. ಒಂದೇ ಸಲ ನಿಲ್ಲಿಸಬಾರದು. ತಲೆಸುತ್ತು, ತಲೆಯೊಳಗೆ ಕರೆಂಟ್ ಹೊಡೆದ ಹಾಗೆ ಆಗಬಹುದು, ನಿಧಾನವಾಗಿ ಇಳಿಸಬೇಕು. ಲೈಂಗಿಕ ಆಸಕ್ತಿ ಕಡಿಮೆಯಾಗಬಹುದು, ಆದರೆ ನಾಚಿಕೊಳ್ಳದೆ ಹೇಳಿ, ಬೇರೆ ದಾರಿ ಇದೆ. ಈ ಕೊನೇದನ್ನು ಯಾರೂ ಹೇಳುವುದಿಲ್ಲ. ಎಷ್ಟೋ ಜನ ಅದಕ್ಕೇ ಸದ್ದಿಲ್ಲದೆ ಮಾತ್ರೆ ಬಿಟ್ಟುಬಿಡುತ್ತಾರೆ ಅಂತ ನನಗೆ ಅನುಮಾನ.

ಮಾತ್ರೆಗೆ ಮೊದಲು ಇನ್ನೊಂದು ವಿಚಿತ್ರ ಪ್ರಶ್ನೆ ಕೇಳಿದ್ದರು. "ಯಾವಾಗಲಾದರೂ ಇದರ ಉಲ್ಟಾ ಆಗಿದೆಯಾ? ನಿದ್ದೆ ಇಲ್ಲದಿದ್ದರೂ ಸುಸ್ತಿಲ್ಲ, ಮಾತು ನಿಲ್ಲಲ್ಲ, ದುಡ್ಡು ನೀರಿನ ಹಾಗೆ ಖರ್ಚು?" ಮನಸ್ಸು ಒಮ್ಮೆ ಪೂರ್ತಿ ಕುಗ್ಗಿ, ಇನ್ನೊಮ್ಮೆ ಹೀಗೆ ವಿಪರೀತ ಏರುವ ಬೈಪೋಲಾರ್ ಕಾಯಿಲೆ ಇದ್ದವರಿಗೆ ಬರೀ ಈ ಮಾತ್ರೆ ಕೊಟ್ಟರೆ ಮನಸ್ಸು ಆ ಕಡೆಗೆ ಜಿಗಿಯಬಹುದಂತೆ, ಅದಕ್ಕೇ ಕೇಳೋದು. ವಯಸ್ಸೂ ಕೇಳಬೇಕಾದ್ದೇ. 25ಕ್ಕಿಂತ ಕೆಳಗಿನವರಲ್ಲಿ ಶುರುವಿನ ವಾರಗಳಲ್ಲಿ ಸಾಯುವ ಯೋಚನೆ ಜಾಸ್ತಿಯಾಗಬಹುದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2004ರಲ್ಲಿ ಮಕ್ಕಳು, ಹದಿಹರೆಯದವರ ವಿಷಯದಲ್ಲಿ ಎಚ್ಚರಿಕೆ ಹಾಕಿಸಿ, 2007ರಲ್ಲಿ 24 ವರ್ಷದವರೆಗೆ ವಿಸ್ತರಿಸಿತು. ಮಾತ್ರೆ ಬೇಡ ಅಂತಲ್ಲ, ಬೇಗ ಬೇಗ ಕರೆದು ನೋಡಬೇಕು ಅಂತ.

ನಾನು ಕೇಳಿಕೊಂಡು ಹೋಗಿದ್ದ ನಿದ್ದೆ ಮಾತ್ರೆ ಮಾತ್ರ ಅವರು ಕೊಡಲಿಲ್ಲ. ನಿದ್ದೆಗೂ ಆತಂಕಕ್ಕೂ ಕೊಡುವ ಬೆಂಜೋ ಮಾತ್ರೆಗಳನ್ನು ಕೆಲವೇ ವಾರ ದಿನಾ ತಗೊಂಡರೂ ಅಂಟಿಕೊಳ್ಳುತ್ತವೆ ಅಂದರು. ಆಗ ಸಿಟ್ಟು ಬಂದಿತ್ತು. ಈಗ ಇಲ್ಲ.

ಸೈಕಿಯಾಟ್ರಿಸ್ಟ್ ಹತ್ತಿರ ಕಳಿಸುವುದಾದರೆ ಹೇಗೆ ಕಳಿಸುತ್ತೀರಿ ಅನ್ನೋದು ಮುಖ್ಯ. "ಇದು ನನ್ನ ವಿಷಯ ಅಲ್ಲ" ಅಂದರೆ, ನೀವು ನನ್ನನ್ನು ಕೈಬಿಟ್ಟಿರಿ ಅಂತಲೇ ನನಗೆ ಕೇಳಿಸುತ್ತೆ. "ಅವರನ್ನು ನೋಡಿ, ಆದರೆ ಮೂರು ವಾರಕ್ಕೆ ನನ್ನ ಹತ್ತಿರವೂ ಬನ್ನಿ" ಅನ್ನಿ. ಕೌನ್ಸೆಲಿಂಗ್ ಅಂದರೂ ಬುದ್ಧಿಮಾತು ಹೇಳಿಸಿಕೊಳ್ಳೋಕೆ ಹೋಗೋದು ಅಂತ ನಾನು ತಿಳಿದಿದ್ದೆ. ಅಲ್ಲಿ ಸಿಬಿಟಿ ಅಂತ ಲೆಕ್ಕದ ಹೋಮ್‌ವರ್ಕ್ ಥರ ಕೆಲಸ ಮಾಡಿಸುತ್ತಾರೆ, ಬಂದ ಯೋಚನೆ ಬರೆದುಕೊಂಡು ಅದನ್ನೇ ಪ್ರಶ್ನೆ ಮಾಡೋದು. ಮೊದಲೇ ಒಂದು ಮಾತು ಹೇಳಿದ್ದರೆ ಎರಡು ತಿಂಗಳು ಮುಂದೂಡುತ್ತಿರಲಿಲ್ಲ. ಹಾಗೇ, ಎಲ್ಲರನ್ನೂ ಕಳಿಸಬೇಕಾಗಿಯೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2019ರಲ್ಲಿ ಜಗತ್ತಿನಲ್ಲಿ 8 ಜನಕ್ಕೆ ಒಬ್ಬರಿಗೆ ಒಂದಲ್ಲ ಒಂದು ಮಾನಸಿಕ ಕಾಯಿಲೆ ಇತ್ತು. ಅಷ್ಟೂ ಜನಕ್ಕೆ ಸೈಕಿಯಾಟ್ರಿಸ್ಟುಗಳು ಎಲ್ಲಿಂದ ಬರಬೇಕು? ಅದೇ ಸಂಸ್ಥೆ 2008ರಲ್ಲಿ ಎಂಎಚ್‌ಗ್ಯಾಪ್ ಅಂತ ಕಾರ್ಯಕ್ರಮ ಶುರು ಮಾಡಿದ್ದೇ, ಸ್ಪೆಷಲಿಸ್ಟ್ ಅಲ್ಲದ ಡಾಕ್ಟರು, ನರ್ಸುಗಳೂ ಇದನ್ನು ನೋಡಲಿ ಅಂತ. ಅಂದರೆ ನೀವೇ.

ಒಂದು ನಿಮಿಷ ತಾಳಿ ಡಾಕ್ಟರೇ. ಹೊರಗೆ ಬೆಂಚಿನ ಮೇಲೆ ಕೂತವರಿಗೂ ಒಂದು ಮಾತು ಹೇಳಿಬಿಡುತ್ತೇನೆ.

ಒಳಗೆ ಹೋದಾಗ ನಾಲಿಗೆ ಕೈಕೊಡುತ್ತೆ. ಹಾಗಾಗಿ ಚೀಟಿ ಬರೆದುಕೊಂಡು ಹೋಗಿ. ಉದ್ದ ಬೇಡ. "ಎರಡು ತಿಂಗಳಿಂದ ಮನಸ್ಸು ಸರಿಯಿಲ್ಲ. ಬೆಳಗಿನ ಜಾವ ಎಚ್ಚರ. ಕೆಲಸಕ್ಕೆ ಐದು ದಿನ ಹೋಗಿಲ್ಲ. ಕುಡಿಯೋದು ಜಾಸ್ತಿಯಾಗಿದೆ. ಚಿಕ್ಕಪ್ಪನಿಗೂ ಹೀಗೇ ಆಗಿತ್ತು." ಇಷ್ಟು ಸಾಕು. ತಗೊಳ್ಳುವ ಮಾತ್ರೆಗಳ ಹೆಸರೂ ಇರಲಿ. ಓದೋಕೂ ಆಗಲಿಲ್ಲ ಅಂದರೆ ಚೀಟಿಯನ್ನೇ ಕೊಟ್ಟುಬಿಡಿ. ಕೂತ ತಕ್ಷಣ ಕೊಡಿ, ಬಾಗಿಲ ಹತ್ತಿರ ಹೋದ ಮೇಲೆ ಬೇಡ. ಡಾಕ್ಟರು "ಎಲ್ಲರಿಗೂ ಇರುತ್ತೆ ಬಿಡಿ" ಅಂದರೆ ಇನ್ನೊಬ್ಬ ಡಾಕ್ಟರ ಹತ್ತಿರ ಹೋಗಿ; ನನಗೆ ಸಿಕ್ಕಿದ್ದೂ ಎರಡನೆಯವರೇ. ಇವತ್ತು ರಾತ್ರಿ ಕಳೆಯೋದೇ ಕಷ್ಟ ಅನ್ನಿಸಿದರೆ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. ಎಮರ್ಜೆನ್ಸಿಗೆ ಹೋಗಿ, ಹೆಲ್ಪ್‌ಲೈನಿಗೆ ಫೋನ್ ಮಾಡಿ, ಇಲ್ಲಾ ಪಕ್ಕದ ರೂಮಿನಲ್ಲಿರುವವರನ್ನು ಎಬ್ಬಿಸಿ.

ಈಗ ಮತ್ತೆ ನಿಮ್ಮ ಹತ್ತಿರ. ನಮ್ಮ ಹಳೇ ಡಾಕ್ಟರ ಮೇಲೆ ನನಗೆ ಕೋಪ ಇಲ್ಲ. ರಜ ಮುಗಿಸಿ ಬಂದ ಮೇಲೆ ನನ್ನ ಫೈಲು ನೋಡಿದರಂತೆ. ಮುಂದಿನ ಸಲ ಹೋದಾಗ ಬಾಗಿಲು ಹಾಕಿಕೊಂಡು ಬಂದು ಕೂತು, "ಆವತ್ತು ಏನೋ ಹೇಳೋಕೆ ಬಂದಿದ್ರಿ, ನಾನು ಕೇಳಲಿಲ್ಲ" ಅಂದರು. ಅವರಿಗೆ ನೆನಪಿತ್ತು ಅನ್ನೋದೇ ನನಗೆ ಆಶ್ಚರ್ಯ.

ಈ ಗುರುವಾರ ಮತ್ತೆ ಬರುತ್ತಿದ್ದೇನೆ. ಈ ಸಲ ನಿಜವಾಗಿಯೂ ಮಂಡಿ ನೋವು, ಮೆಟ್ಟಿಲು ಇಳಿಯುವಾಗ ಕಟ್ ಅಂತ ಸದ್ದು ಬರುತ್ತೆ. ಆದರೂ ಆ ಎರಡು ಪ್ರಶ್ನೆ ಒಂದು ಸಲ ಕೇಳಿಬಿಡಿ.

ಇಂತಿ,
ನಿಮ್ಮ ಹಳೇ ಪೇಷಂಟ್